ಹೊಸ್ತಿಲು ಎಡವಿದ್ದಲ್ಲ

ಆಸ್ಪತ್ರೆ, ಎರಡನೇ ಮಹಡಿ, ಹೆಂಗಸರ ವಾರ್ಡಿನ ಹೊರಗಿನ ಬೆಂಚು
ಗುರುವಾರ, ತಾರೀಖು ಹದಿನಾಲ್ಕು, ಬೆಳಿಗ್ಗೆ ಎಂಟೂವರೆ

ನನ್ನ ಪ್ರೀತಿಯ, ಸಿಕ್ಕಾಪಟ್ಟೆ ಪ್ರೀತಿಯ ಸರ್ವೇಯರ್ ಸಾಹೇಬರಿಗೆ,

ಹೇಗಿದ್ದೀರಿ? ಕೆಮ್ಮು ಹೋಯಿತೇ? ಗುಡ್ಡದ ಮೇಲೆ ಚಳಿ ಇನ್ನೂ ಹಾಗೇ ಇದೆಯೇ? ಹಸಿರು ಸ್ವೆಟರನ್ನು ನೀವು ಹಾಕಿಕೊಳ್ಳುತ್ತಿದ್ದೀರೋ, ಇಲ್ಲಾ ನಿಮ್ಮ ಮುದ್ದಿನ ಟ್ರೈಪಾಡಿಗೆ ಹೊದಿಸಿ ನೀವು ನಡುಗುತ್ತಾ ನಿಂತಿದ್ದೀರೋ? ಕ್ಯಾಂಪಿನ ಅಡುಗೆಯವರು ಈಗಲೂ ಉಪ್ಪು ಮರೆಯುತ್ತಾರೆಯೇ? ನಮ್ಮ ಮದುವೆಯಾಗಿ ಹನ್ನೊಂದು ವಾರ. ಅದರಲ್ಲಿ ಏಳು ವಾರ ನೀವು ಗುಡ್ಡದ ಜೊತೆ ಸಂಸಾರ ಮಾಡಿದ್ದೀರಿ, ನಾಲ್ಕು ವಾರ ನನ್ನ ಜೊತೆ. ಆ ಗುಡ್ಡದ ಮೇಲೆ ನನಗೆ ಹೊಟ್ಟೆಕಿಚ್ಚು ಎಂದು ಅದಕ್ಕೆ ತಿಳಿಸಿಬಿಡಿ! ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ಒತ್ತಕ್ಷರ ಎಲ್ಲಾದರೂ ಜಾರಿ ಬಿದ್ದಿದ್ದರೆ ನೀವೇ ಎತ್ತಿ ಅದರ ಜಾಗದಲ್ಲಿ ಕೂರಿಸಿಕೊಂಡು ಓದಿ. ಎಂದಿನಂತೆ ಅತ್ತೆಗೆ ತೋರಿಸಿ ತಿದ್ದಿಸೋಣ ಎಂದರೆ ಈ ಕಾಗದವನ್ನು ಅವರಿಗೆ ತೋರಿಸುವಂತಿಲ್ಲ.

ನಾನು ಚೆನ್ನಾಗಿದ್ದೇನೆ. ಈ ಮಾತು ಬರೆದು ಸ್ವಲ್ಪ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. ಜ್ವರವಿಲ್ಲ, ನೆಗಡಿಯಿಲ್ಲ, ಕ್ಯಾಂಟೀನಿನಲ್ಲಿ ಬ್ರೆಡ್ಡು ತಿಂದೆ, ಆದ್ದರಿಂದ ಚೆನ್ನಾಗಿದ್ದೇನೆ ಎಂದೇ ಇಟ್ಟುಕೊಳ್ಳೋಣ. ಆದರೆ ಅತ್ತೆ ಚೆನ್ನಾಗಿಲ್ಲ. ಕಳೆದ ಶನಿವಾರ ಫೋನಿನಲ್ಲಿ ಅವರು ನಿಮಗೆ ಹೇಳಿದ್ದು ನೆನಪಿದೆಯಲ್ಲ, "ಏನಿಲ್ಲ ಕಣೋ, ಹೊಸ್ತಿಲು ಎಡವಿದೆ, ಕಾಲಿಗೆ ಚಿಕ್ಕ ಗಾಯ" ಅಂತ? ಅದು ಸುಳ್ಳು. ಪಕ್ಕದಲ್ಲಿ ನಿಂತು ನಾನು "ಹೂಂ, ಚಿಕ್ಕದೇ" ಎಂದದ್ದೂ ಸುಳ್ಳು. ಸೋಮವಾರದಿಂದ ಅವರು ಇಲ್ಲಿ ಹನ್ನೆರಡನೇ ನಂಬರಿನ ಹಾಸಿಗೆಯಲ್ಲಿ ಇದ್ದಾರೆ. ಎಡಗಾಲಿನ ಹೆಬ್ಬೆರಳು ಉಳಿಯುತ್ತದೆಯೋ ಇಲ್ಲವೋ ಎಂದು ಡಾಕ್ಟರು ಇವತ್ತು ಹನ್ನೊಂದು ಗಂಟೆಯ ರೌಂಡ್ಸ್ ಮುಗಿಸಿ ಹೇಳುತ್ತಾರೆ. ನೀವು ಶನಿವಾರ ಕೆಳಗಿಳಿದಾಗ ಮಾತ್ರ ಫೋನು ಸಿಗುವುದು, ಆದರೆ ನಿಮ್ಮ ಆಫೀಸಿನ ಜೀಪು ಇವತ್ತು ಹನ್ನೆರಡಕ್ಕೆ ಗುಡ್ಡಕ್ಕೆ ಹೊರಡುತ್ತದೆ. ಅಷ್ಟರೊಳಗೆ ನಾನು ನಿಮಗೆ ಎಲ್ಲವನ್ನೂ ಸರಿಯಾಗಿ ಬರೆಯಬೇಕು. ಯಾಕೆಂದರೆ ಗಾಯ ಮಾಡಿದ್ದು ಹೊಸ್ತಿಲಲ್ಲ, ನನ್ನ ಹಗ್ಗ.

ನೀವು ಹೊರಟ ಮಾರನೆಯ ದಿನವೇ ನಾನು ಪೆಟ್ಟಿಗೆಯಿಂದ ನನ್ನ ನೀಲಿ ಹಿಡಿಕೆಯ ಸ್ಕಿಪ್ಪಿಂಗ್ ಹಗ್ಗ ಹೊರತೆಗೆದಿದ್ದೆ. ನಾನು ಶಾಲೆಯಲ್ಲಿ ಎರಡನೇ ಬಹುಮಾನ ಪಡೆದವಳು ಎಂದು ನಿಮಗೆ ಕನಿಷ್ಠ ನಲವತ್ತು ಸಲ ಹೇಳಿದ್ದೇನೆ, ಇದು ನಲವತ್ತೊಂದನೆಯದು. ನೀವಿಲ್ಲದ ಬೆಳಗಿನ ಹೊತ್ತು ಏನು ಮಾಡುವುದೆಂದು ತಿಳಿಯದೆ ನಡುಮನೆಯಲ್ಲಿ ಹಾರತೊಡಗಿದೆ. ಅಡುಗೆಮನೆಯ ಶೆಲ್ಫಿನ ಮೇಲೆ ಲೋಟಗಳು ಗಲಗಲ ಎನ್ನುತ್ತಿದ್ದವು. ಅತ್ತೆ ಬಂದು ನಿಂತು, "ಮನೆ ಬೀಳಿಸಬೇಡ್ವೇ ಪಟಾಕಿ, ನನ್ನ ಮಗ ಬಂದಾಗ ಅಳತೆ ಮಾಡೋಕೆ ಇದೊಂದಾದರೂ ನಿಂತಿರಲಿ" ಎಂದರು. ಅವರು ನನಗೆ ಪಟಾಕಿ ಎಂದು ಹೆಸರಿಟ್ಟಿದ್ದು ಆವತ್ತೇ. ಹಗ್ಗ ಹಿತ್ತಲಿನ ಸಿಮೆಂಟ್ ಚಪ್ಪಡಿಗೆ ಹೋಯಿತು. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೋಡತೊಡಗಿದರು. ನಿಮಗೆ ಗೊತ್ತಲ್ಲ, ನನ್ನ ಮುಂದೆ ಒಬ್ಬರು ಕೂತಿದ್ದರೆ ನಾನು ಭಾಷಣ ಮಾಡದೆ ಬಿಡುವವಳಲ್ಲ. ಸ್ಕಿಪ್ಪಿಂಗ್ ಎಂದರೆ ಬರೀ ಕಾಲಿನ ಆಟವಲ್ಲ ಅತ್ತೆ, ಮೀನಖಂಡ, ತೊಡೆ, ಹೊಟ್ಟೆ, ಬೆನ್ನು, ಭುಜ, ಮುಂಗೈ, ಎಲ್ಲಕ್ಕೂ ಒಂದೇ ಸಲಕ್ಕೆ ಕೆಲಸ, ಎದೆಬಡಿತ ಏರುತ್ತದೆ, ಉಸಿರು ಬಲಿಯುತ್ತದೆ, ಹತ್ತು ನಿಮಿಷ ಹಾರಿದರೆ ಅರ್ಧ ಗಂಟೆ ಓಡಿದಂತೆ ಎಂದು ನಮ್ಮ ಜಿಮ್ಮಿನ ಗೋಡೆಯ ಮೇಲೆ ಬರೆದಿತ್ತು ಎಂದೆಲ್ಲ ಹೇಳಿದೆ. ಅತ್ತೆ ಕೇಳಿ, "ಹಾಗಾದ್ರೆ ಮೈಯಲ್ಲಿ ನಾಲಿಗೆ ಒಂದಕ್ಕೇ ರಜ. ನಿನಗೆ ಅದೇ ಬೇಕಾಗಿರೋದು, ಹಾರು ಹಾರು" ಎಂದರು.

ಮೂವತ್ತೊಂದು ವರ್ಷ ಬಸ್ ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಕೂತು ಸಕ್ಕರೆ ಕಾಯಿಲೆ ತಂದುಕೊಂಡವರು ಅವರು. ಅವರ ಡಾಕ್ಟರು ಹೇಳಿದ್ದು ದಿನಾ ಅರ್ಧ ಗಂಟೆ ನಡೆಯಿರಿ ಎಂದು, ಅಷ್ಟೇ. ನಡೆಯುವುದು ಬೋರು, ಬೀದಿಯವರೆಲ್ಲ ಮಾತಾಡಿಸುತ್ತಾರೆ, ನನಗೂ ಹಗ್ಗ ಹಾರೋದನ್ನೇ ಕಲಿಸು ಎಂದು ಒಂದು ಬೆಳಿಗ್ಗೆ ಅವರಾಗಿಯೇ ಎದ್ದು ನಿಂತರು. ನಾನು ಕುಣಿದಾಡಿಬಿಟ್ಟೆ! ಎಲ್ಲರ ಅತ್ತೆಯಂದಿರು ಸೊಸೆಯ ಕೈಯಲ್ಲಿ ನೆಲ ಒರೆಸಿಸುತ್ತಾರೆ, ನನ್ನ ಅತ್ತೆ ನನ್ನ ಜೊತೆ ಹಗ್ಗ ಹಾರುತ್ತಾರೆ ಎಂದು ಗೆಳತಿಯರಿಗೆಲ್ಲ ಫೋನು ಮಾಡಿ ಹೇಳಿದೆ. ಮೊಣಕೈ ಪಕ್ಕೆಗೆ ಒತ್ತಿರಲಿ, ತಿರುಗಬೇಕಾದದ್ದು ಮಣಿಕಟ್ಟು ಮಾತ್ರ, ಒಂದು ಇಂಚು ಎತ್ತರ ಸಾಕು, ಮುಂಗಾಲಿನ ಮೇಲೆ ಇಳಿಯಿರಿ ಎಂದು ಹೇಳಿಕೊಟ್ಟೆ. ಚಪ್ಪಲಿ ಪಟಪಟ ಎಂದು ಜಾರಿ ಹೋಗುತ್ತಿತ್ತು. ಅದನ್ನು ಬಿಚ್ಚಿಡಿ ಅತ್ತೆ, ಬರಿಗಾಲಾದರೆ ನೆಲದ ಹಿಡಿತ ಸಿಗುತ್ತೆ ಎಂದೆ. ಬರಿಗಾಲು ಎಂದವಳು ನಾನು. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ಇರಲೇಬಾರದಂತೆ. ಇಲ್ಲಿನ ವಾರ್ಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದಾರೆ, ದಿನಕ್ಕೆ ಹತ್ತು ಸಲ ಓದುತ್ತೇನೆ.

ಮೊದಲ ವಾರ ಅವರು ನಾಲ್ಕು ಸಲ ಹಾರಿ ಹಗ್ಗಕ್ಕೆ ಸಿಕ್ಕಿಕೊಂಡು "ಮುಂದಿನವರು!" ಎಂದು ಕೂಗುತ್ತಿದ್ದರು, ಥೇಟ್ ಟಿಕೆಟ್ ಕಿಟಕಿಯಲ್ಲಿ ಕೂಗುವ ಹಾಗೆ. ಆಗ ನನ್ನ ಸರದಿ. ಆಮೇಲೆ ಹತ್ತಾಯಿತು, ಇಪ್ಪತ್ತಾಯಿತು. ಸಿಮೆಂಟಿನ ಮೇಲೆ ಹಾರಿ ನನ್ನ ಅಂಗಾಲು ಉರಿದು ರಾತ್ರಿ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರುತ್ತಿದ್ದೆ. ಅವರಿಗೆ ಏನೂ ಇಲ್ಲ! ಕಾಂಪೌಂಡಿನ ಆಚೆಯ ಇಸ್ತ್ರಿಯವಳಿಗೆ "ನೋಡೇ, ಇಪ್ಪತ್ತೈದರ ಕಾಲು ಅಯ್ಯೋ ಅನ್ನುತ್ತೆ, ಅರವತ್ತರ ಕಾಲಿಗೆ ಗೊತ್ತೇ ಇಲ್ಲ" ಎಂದು ಬೀಗಿದರು. ಇಸ್ತ್ರಿಯವಳು, "ಹಳೇ ಮಾಲು ಗಟ್ಟಿ ಕಣಮ್ಮಾ" ಎಂದಳು. ನಾನು ಚಪ್ಪಾಳೆ ತಟ್ಟಿದೆ. ನೋವಿಲ್ಲದಿರುವುದೇ ಶಕ್ತಿ ಎಂದು ನಾವು ಮೂವರೂ ನಂಬಿದೆವು. ಒಂದು ದಿನ ಗೇಟಿನಿಂದ ಅಡುಗೆಮನೆಯವರೆಗೆ ಒಂದೇ ಕಾಲಿನ ಚಪ್ಪಲಿಯಲ್ಲಿ ನಡೆದುಕೊಂಡು ಬಂದರು, ಇನ್ನೊಂದು ಗೇಟಿನ ಬಳಿಯೇ ಬಿದ್ದಿತ್ತು. ಬಿದ್ದದ್ದು ಅವರಿಗೆ ತಿಳಿದೇ ಇರಲಿಲ್ಲ. ಅದಕ್ಕೂ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೋದ ತಿಂಗಳ ಕೊನೆಯ ಭಾನುವಾರ ಅವರಿಗಾಗಿಯೇ ಒಂದು ಹೊಸ ಹಗ್ಗ ತಂದೆ. ಒಳಗೆ ತಂತಿ, ಮೇಲೆ ಕೆಂಪು ಪ್ಲಾಸ್ಟಿಕ್ಕು, ಹಿಡಿಕೆಯೂ ಕೆಂಪು. ಹಗ್ಗದ ನಡುವನ್ನು ಒಂದು ಕಾಲಲ್ಲಿ ಮೆಟ್ಟಿ ನಿಂತರೆ ಹಿಡಿಕೆಗಳು ಕಂಕುಳಿನ ತನಕ ಬರಬೇಕು, ಅದು ಅಳತೆ. ಅವರಿಗೆ ಕಿವಿಯ ತನಕ ಬಂತು. ಅವರನ್ನು ಚಪ್ಪಡಿಯ ಮೇಲೆ ನಿಲ್ಲಿಸಿ, ನಿಮ್ಮ ಟೂಲ್ ಬಾಕ್ಸಿನ ಇಕ್ಕಳ ತಂದು, ಎರಡೂ ತುದಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕತ್ತರಿಸುತ್ತಾ ಅಳತೆಗೆ ತಂದೆ. ಚೂರುಗಳನ್ನು ಕಾಲಿನಿಂದಲೇ ಅಂಚಿಗೆ ಸರಿಸಿದೆ. ಗುಡಿಸಲಿಲ್ಲ. ಗುಡಿಸಬೇಕೆಂದು ಅನ್ನಿಸಲೇ ಇಲ್ಲ. ಅವರು ಹೊಸ ಹಗ್ಗದಲ್ಲಿ ಹಾರುವುದನ್ನು ನೋಡುವ ಆತುರ ಅಷ್ಟಿತ್ತು.

ಆಮೇಲೆ ಹನ್ನೆರಡು ದಿನ ಹಾರಿದರು. ನಡುವೆ ಎರಡು ಮೂರು ಸಲ ಚಪ್ಪಡಿಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಕಂಡಿದ್ದೆ. ಕಬ್ಬಿಣದ ಬಕೆಟ್ಟಿನ ತುಕ್ಕು ಎಂದುಕೊಂಡು ನೀರು ಸುರಿದು ಉಜ್ಜಿದೆ.

ಕಳೆದ ಶುಕ್ರವಾರ ಅವರು ಎಲ್ಲೂ ತಡೆಯದೆ ನೂರು ಮುಟ್ಟಿದರು. ನೂರಕ್ಕೆ ಬಹುಮಾನ ಎಂದು ನಾನು ಮೊದಲೇ ಮಾತು ಕೊಟ್ಟಿದ್ದೆ, ನನ್ನ ಗುಲಾಬಿ ಬಣ್ಣದ ನೇಲ್ ಪಾಲಿಶ್. "ಈ ವಯಸ್ಸಲ್ಲಿ ಯಾರಿಗೆ ತೋರಿಸಲಿ?" ಎನ್ನುತ್ತಲೇ ಕುರ್ಚಿಯ ಮೇಲೆ ಕೂತು ಕಾಲು ಚಾಚಿದರು. ನಾನು ನೆಲದ ಮೇಲೆ ಕೂತು ಅವರ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಹೆಬ್ಬೆರಳಿನ ಕೆಳಗೆ ಚರ್ಮ ಬಿಳಿಯಾಗಿ ಉಬ್ಬಿ ನಡುವೆ ಒಂದು ತೂತಿತ್ತು. ಬೆರಳಿಟ್ಟರೆ ಒದ್ದೆ. ವಾಸನೆಯೂ ಬಂತು. ಅತ್ತೆ, ನೋಯುತ್ತಾ ಎಂದೆ. "ಏನು?" ಎಂದರು. ನಾನು ಗಟ್ಟಿಯಾಗಿ ಒತ್ತಿದೆ. ಅವರು ಇನ್ನೂ ನಗುತ್ತಾ, "ಬೇಗ ಹಚ್ಚೇ, ಒಲೆ ಮೇಲೆ ಹಾಲಿಟ್ಟಿದ್ದೀನಿ" ಎಂದರು. ನಾನು ಪಾಲಿಶಿನ ಬಾಟಲಿಗೆ ಮುಚ್ಚಳ ಹಾಕಿ ಬಿಗಿಯಾಗಿ ತಿರುಗಿಸಿದೆ. ಅದು ಮಾತ್ರ ಚೆನ್ನಾಗಿ ನೆನಪಿದೆ.

ಬೀದಿಯ ಕ್ಲಿನಿಕ್ಕಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟಿ ಕಳಿಸಿದರು. ಶನಿವಾರ ನಿಮ್ಮ ಫೋನು ಬಂದಾಗ ಅತ್ತೆ ನನ್ನ ಕಡೆ ಕಣ್ಣು ಮಿಟುಕಿಸಿ ಹೊಸ್ತಿಲಿನ ಕಥೆ ಹೇಳಿದರು. "ಹಗ್ಗ ಅಂದ್ರೆ ನಿನಗೂ ಬೈತಾನೆ, ನನಗೂ ಬೈತಾನೆ, ಸುಮ್ನಿರು" ಎಂದರು ಆಮೇಲೆ. ಸೋಮವಾರ ಜ್ವರ ಏರಿತು, ಪಾದ ಕೆಂಪಗೆ ಊದಿತು, ಇಲ್ಲಿಗೆ ಕರೆತಂದೆ. ಎಕ್ಸ್-ರೇಯಲ್ಲಿ ಮೂಳೆಯ ಪಕ್ಕ ಒಂದು ಚಿಕ್ಕ ಬಿಳಿ ಗೆರೆ. ಡಾಕ್ಟರು ಅದನ್ನು ಹೊರತೆಗೆದು ಸ್ಟೀಲ್ ತಟ್ಟೆಯಲ್ಲಿ ತೋರಿಸಿದರು. ಉಗುರಿನ ಅರ್ಧದಷ್ಟು ತಂತಿಯ ಚೂರು. ಅದಕ್ಕೆ ಕೆಂಪು ಪ್ಲಾಸ್ಟಿಕ್ಕು ಇನ್ನೂ ಅಂಟಿಕೊಂಡಿತ್ತು.

ಆಮೇಲೆ ಅವರು ಅತ್ತೆಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, "ನಾನು ಮುಟ್ಟಿದಾಗಲೆಲ್ಲ ಹೂಂ ಅನ್ನಿ ಅಮ್ಮಾ" ಎಂದು, ಒಂದು ನೈಲಾನ್ ಎಳೆಯಿಂದ ಪಾದವನ್ನು ಮುಟ್ಟತೊಡಗಿದರು. ಹಿಮ್ಮಡಿ, ಅಂಗಾಲು, ಒಂದೊಂದು ಬೆರಳು. ಎಡಗಾಲು ಮುಗಿಸಿ ಬಲಗಾಲಿಗೆ ಹೋದರು. ಅದೂ ಮುಗಿಯಿತು. ಅತ್ತೆ ಕಣ್ಣು ಮುಚ್ಚಿಕೊಂಡೇ, "ನಾನು ರೆಡಿ ಡಾಕ್ಟ್ರೇ, ಶುರು ಮಾಡಿ" ಎಂದರು.

ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು, ಕಾಲಿನ ಸ್ಪರ್ಶ ಹೋಗಿ ಒಂದೆರಡು ವರ್ಷವೇ ಆಗಿರಬಹುದಂತೆ. ಇಂಥ ಕಾಲಲ್ಲಿ ಸ್ಕಿಪ್ಪಿಂಗ್ ಮಾಡಿಸಿದ್ದು ಯಾರು ಎಂದು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅತ್ತೆ, "ಯಾರೂ ಇಲ್ಲ, ನಾನೇ ಹುಚ್ಚಿ, ಟೀವಿ ನೋಡಿ ಕಲಿತೆ" ಎಂದು ಕೂಗಿದರು. ನಾನು ಸುಮ್ಮನಿದ್ದೆ. ನಿಮ್ಮ ಹೆಂಡತಿ, ನಾಲಿಗೆಗೆ ರಜವೇ ಕೊಡದವಳು, ಸುಮ್ಮನಿದ್ದಳು.

ಮಂಗಳವಾರ ಬಟ್ಟೆ ತರಲು ಮನೆಗೆ ಹೋದವಳು ಚಪ್ಪಡಿ ಗುಡಿಸಿದೆ. ಇನ್ನೂ ಐದು ಚೂರು ಸಿಕ್ಕವು. ಗುಡಿಸುವಾಗ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಸೋಮವಾರದಿಂದ ಒಂದು ಕರ್ಚೀಫು ಕೈಯಲ್ಲೇ ಇದೆ, ಇಸ್ತ್ರಿಯ ಮಡಿಕೆ ಕೂಡ ಬಿಚ್ಚಿಲ್ಲ. ಗೆಳತಿಯರು ಫೋನು ಮಾಡಿ ಹೊಸ ಸಂಸಾರ ಹೇಗಿದೆ ಎಂದರೆ ಸೂಪರ್ ಎನ್ನುತ್ತೇನೆ. ಆ ದನಿ ನನ್ನದೇ, ಎಂದಿನ ಹಾಗೇ ಇದೆ. ನರ್ಸು ಹೇಳಿದ ಔಷಧಿ ತರುತ್ತೇನೆ, ಅತ್ತೆಯ ತಲೆ ಬಾಚುತ್ತೇನೆ, ಪಕ್ಕದ ಹಾಸಿಗೆಯ ಅಜ್ಜಿಗೆ ಪೇಪರು ಓದಿ ಹೇಳುತ್ತೇನೆ. ಎಷ್ಟು ಚುರುಕು ಸೊಸೆ ಎಂದು ವಾರ್ಡೆಲ್ಲ ಹೊಗಳುತ್ತದೆ. ಅತ್ತೆಯೂ ಹೌದೆಂದು ತಲೆಯಾಡಿಸುತ್ತಾರೆ. ನಿಮಗೆ ಬರೆಯಬಾರದು, ಆಫೀಸಿಗೂ ತಿಳಿಸಬಾರದು ಎಂದು ನನ್ನಿಂದ ಆಣೆ ಹಾಕಿಸಿಕೊಂಡಿದ್ದಾರೆ. "ಹೊಸದಾಗಿ ಮದುವೆಯಾದವರು, ಈಗಲೇ ಅವನ ಮನಸ್ಸಲ್ಲಿ ನಿನ್ನ ಬಗ್ಗೆ ಇಂಥದ್ದು ಕೂರಬಾರದು ಕಣೇ" ಎಂದರು. ಆಣೆ ಮುರಿದಿದ್ದೇನೆ. ಸುಳ್ಳಿನ ಮೇಲೆ ನಿಮ್ಮ ಜೊತೆ ನಲವತ್ತು ವರ್ಷ ಕೂರಲು ನನ್ನಿಂದ ಆಗುವುದಿಲ್ಲ. ಓದಿದ ಮೇಲೆ ನಿಮ್ಮ ಮನಸ್ಸಲ್ಲಿ ಏನು ಕೂರುತ್ತದೋ ಅದು ಕೂರಲಿ.

ಹುಷಾರಾಗಿರಿ, ಹೊತ್ತಿಗೆ ಸರಿಯಾಗಿ ತಿನ್ನಿ. ಕಲ್ಲು ಮುಳ್ಳಿನಲ್ಲಿ ಓಡಾಡುವವರು ನೀವು, ರಾತ್ರಿ ಬೂಟು ಬಿಚ್ಚಿದ ಮೇಲೆ ಒಂದು ಸಲ ಅಂಗಾಲು ನೋಡಿಕೊಳ್ಳಿ. ನಿಮ್ಮ ಸಂಗಡಿಗರಿಗೆಲ್ಲ ನನ್ನ ನಮಸ್ಕಾರ ತಿಳಿಸಿ.

ನಿಮ್ಮವಳೇ ಆದ
ಪಟಾಕಿ

ಮರೆತ ಮಾತು: ಹನ್ನೊಂದೂ ಮುಕ್ಕಾಲು. ಡ್ರೈವರು ಕಾಗದಕ್ಕಾಗಿ ಕೆಳಗೆ ಬಂದು ಹಾರನ್ ಹೊಡೆಯುತ್ತಿದ್ದಾರೆ. ಡಾಕ್ಟರು ಈಗಷ್ಟೇ ನೋಡಿ ಹೋದರು. ಹೆಬ್ಬೆರಳು ಉಳಿಯುವುದಿಲ್ಲ, ಅದರ ಪಕ್ಕದ್ದೂ ಕಪ್ಪಾಗಿದೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಎರಡನ್ನೂ ತೆಗೆಯುತ್ತಾರೆ. ಅತ್ತೆ ತಾವೇ ಸಹಿ ಹಾಕಿ, ಪೆನ್ನು ನನ್ನ ಕೈಗೆ ಕೊಟ್ಟು, "ಹೋಗ್ಲಿ ಬಿಡೇ, ಅವು ಇದ್ದದ್ದೇ ನನಗೆ ಗೊತ್ತಿರಲಿಲ್ಲ" ಎಂದರು. ನಾನು ನಕ್ಕೆ. ನಿಜವಾಗಿ ನಕ್ಕೆ. ಜೀಪು ಶನಿವಾರ ಖಾಲಿ ವಾಪಸು ಬರುತ್ತದಂತೆ, ಡ್ರೈವರಿಗೆ ಹೇಳಿದ್ದೇನೆ, ಅದರಲ್ಲಿ ಕೂತು ಬಂದುಬಿಡಿ. ಬಂದು ಮೊದಲು ಅಮ್ಮನನ್ನು ನೋಡಿ, ಆಮೇಲೆ ನನ್ನನ್ನು ಬೈಯಿರಿ. ಅವರು ಬೈಯುತ್ತಿಲ್ಲ, ಡಾಕ್ಟರೂ ಬೈಯಲಿಲ್ಲ, ನಮ್ಮ ತವರಿನವರಿಗೆ ಗೊತ್ತೇ ಇಲ್ಲ. ಯಾರಾದರೂ ಒಬ್ಬರು ನನ್ನನ್ನು ಗಟ್ಟಿಯಾಗಿ ಬೈಯಬೇಕು ರೀ.