ಮೂರು ಸಲ ಕೂಗು

ಪುಣಜನೂರು
9-3-1954

ಕೊಲಂಬೊದಲ್ಲಿರುವ ಸೋದರಳಿಯ ಸಿದ್ದಯ್ಯನಿಗೆ ಮಾವ ನಾಗಯ್ಯನ ಆಶೀರ್ವಾದ.

ನಿನ್ನ ಕಾಗದ ತಲುಪಿತು, ಓದಿಸಿ ಕೇಳಿ ಸಿಟ್ಟು ಬಂತು. ರಹದಾರಿ ಇಲ್ಲದೆ ದೋಣಿ ಹತ್ತಿ ಸಿಲೋನಿಗೆ ಬಂದವರನ್ನು ಕೂಡಿಹಾಕಿರುವ ಕ್ಯಾಂಪಿಗೆ ನನ್ನ ಮಗನನ್ನು ಹುಡುಕಿಕೊಂಡು ಹೋದೆಯಂತೆ. ಕಾವಲುಗಾರ ಬಾಗಿಲಲ್ಲಿ ನಿಂತು ‘ಪುಟ್ಟಮಾದು’ ಎಂದು ಒಂದು ಸಲ ಕೂಗಿದನಂತೆ. ಯಾರೂ ಓಗೊಡಲಿಲ್ಲವೆಂದು ನೀನು ಹಿಂದಿರುಗಿದೆಯಂತೆ. ನಮ್ಮೂರಲ್ಲಿ ಹುಟ್ಟಿದವನೇನೋ ನೀನು? ಒಂದೇ ಸಲ ಕೂಗುವುದು ದೆವ್ವ, ಓಗೊಟ್ಟರೆ ಪ್ರಾಣ ಒಯ್ಯುತ್ತದೆ, ಮನುಷ್ಯರಾದರೆ ಮೂರು ಸಲ ಕೂಗುತ್ತಾರೆ ಎಂದು ಪುಟ್ಟಮಾದುವಿಗೆ ಹೊಡೆದು ಕಲಿಸಿದವನು ನಾನೇ. ಗುರುತಿಲ್ಲದ ದನಿ ಒಂದು ಸಲ ಕರೆದರೆ ಅವನು ಜಪ್ಪಯ್ಯ ಅಂದರೂ ಓಗೊಡುವುದಿಲ್ಲ.

ಅವನು ಅಲ್ಲಿರುವುದನ್ನು ಬಿಡುಗಡೆಯಾಗಿ ಬಂದ ಸತ್ಯಮಂಗಲದವನೊಬ್ಬ ಕಣ್ಣಾರೆ ಕಂಡಿದ್ದಾನೆ. ನೆಂಟರು ಬಂದು ಗುರುತು ಹೇಳಿದರೆ ಊರಿಗೆ ಕಳಿಸುತ್ತಾರಂತೆ. ಮತ್ತೆ ಹೋಗು. ನೀನೇ ಕೂಗು, ಮೂರು ಸಲ ಕೂಗು.

ತಡ ಮಾಡಬೇಡ. ನಾಲ್ಕು ದಿನದಿಂದ ದೀಪ ಹಚ್ಚುವ ಹೊತ್ತಿಗೆ ಹಿತ್ತಿಲ ಕಡೆಯಿಂದ ‘ಅವ್ವಾ’ ಎನ್ನುವ ದನಿ ಬರುತ್ತಿದೆ. ನಿನ್ನತ್ತೆ ಎದ್ದು ನಿಂತು, “ಮಗ ಕೂಗ್ತಾವ್ನೆ, ಓ ಅನ್ಲಾ?” ಎನ್ನುತ್ತಾಳೆ. “ಸುಮ್ಕಿರಮ್ಮಿ, ಇನ್ನೆರಡ್ ಸಲ ಕೂಗ್ಲಿ” ಎಂದು ಗದರಿ ಕೂರಿಸುತ್ತೇನೆ. ಎರಡನೇ ಸಲ ಕೂಗುವುದೇ ಇಲ್ಲ. ನನಗೂ ಕೇಳಿಸುತ್ತದೆ. ಅವನದೇ ದನಿ.

ಅವನು ನಿನಗೆ ಓಗೊಟ್ಟರೆ ಆ ದಿನವೇ ತಂತಿ ಕೊಡು, ಹಿತ್ತಿಲಲ್ಲಿ ಕೂಗುವುದು ಅವನಲ್ಲವೆಂದು ನಿನ್ನತ್ತೆ ನಂಬಲಿ. ಅಲ್ಲಿಯವರೆಗೆ ಇಲ್ಲಿ ನಾವು ಯಾರೂ ಓ ಎನ್ನುವುದಿಲ್ಲ.

ಇತಿ,
ನಿನ್ನ ಮಾವ
ನಾಗಯ್ಯ