ರದ್ದಾಗದ ರೈಲು

ಮಂಗಳವಾರ, 11 ಫೆಬ್ರವರಿ 2025

ಇವತ್ತು ಮಾರಿಕುಪ್ಪಂ ರೈಲು ಸರಿಯಾದ ಹೊತ್ತಿಗೆ ಹೊರಟಿತು, ನನ್ನ ಮಾನ ಹೋಯಿತು.

ಆನ್‌ಲೈನ್ ವರದಿಗಾರಿಕೆಯ ಪಾಠಕ್ಕೆಂದು ನಿನ್ನೆ ಕಾಲೇಜಿನ ವೆಬ್‌ಸೈಟಿನಲ್ಲಿ 'ನಾಳೆ ಬೆಳಗಿನ ರೈಲು ರದ್ದು' ಎಂದು ಬರೆದಿದ್ದೆ. ಆಧಾರ, ವಾಟ್ಸಾಪಿನಲ್ಲಿ ಬಂದ ಒಂದು ಸಂದೇಶ. ಸ್ಟೇಷನ್ನು ಮನೆಯಿಂದ ಹತ್ತೇ ನಿಮಿಷದ ನಡಿಗೆ, ಆದರೂ ಹೋಗಿ ಕೇಳಲಿಲ್ಲ. ಯಾರು ಓದುತ್ತಾರೆ ಅಂದುಕೊಂಡಿದ್ದೆ. ಅಪ್ಪ ಓದಿದರು. ಹೆಮ್ಮೆಯಿಂದ ಇಡೀ ಬೀದಿಗೆ ಕಳಿಸಿಯೂ ಬಿಟ್ಟರು.

ಸಂಜೆ ಪಕ್ಕದ ಮನೆಯ ಚಿಕ್ಕವೆಂಕಟಮ್ಮ ಬಂದರು. "ನಿನ್ನ ನಂಬ್ಕೊಂಡು ಮೊಮ್ಮಗೀನ ನಾಮಕರಣಕ್ಕೆ ಬಂಗಾರಪೇಟೆಗಂಟ ಬಸ್ಸಲ್ಲಿ ನಿಂತ್ಕೊಂಡೇ ಓದೆ ಕಣಮ್ಮಿ. ನಾನು ಓಗೋ ಒತ್ಗೆ ಮಗೀಗೆ ಎಸ್ರು ಇಟ್ಟಾಗಿತ್ತು. ಅದ್ಯಾವ್ದೋ ಎಸ್ರಂತೆ, ನಂಗೆ ನಾಲ್ಗೇನೇ ತಿರುಗಲ್ಲ!"

ಅವರು ಹೋದ ಮೇಲೆ ಕೂತು, 'ರೈಲು ರದ್ದಾಗಿರಲಿಲ್ಲ. ವಿಚಾರಿಸದೆ ಬರೆದೆ. ಕ್ಷಮಿಸಿ' ಎಂದು ತಿದ್ದುಪಡಿ ಬರೆದೆ. ಇದನ್ನೂ ಬೀದಿಗೆಲ್ಲ ಕಳಿಸಿ ಎಂದರೆ ಅಪ್ಪ ಒಪ್ಪಲಿಲ್ಲ.

"ನೀನ್ಯಾಕಮ್ಮ ತಪ್ಪು ಒಪ್ಕೋತೀಯ? ನೀನು ಸರಿಯಾಗೇ ಬರ್ದಿದ್ದೆ. ಆ ರೈಲೇ ಬರ್ಬಾರ್ದಾಗಿತ್ತು."

ಕೊನೆಗೆ ನಾನೇ ಎಲ್ಲರಿಗೂ ಕಳಿಸಿದೆ. ಈಗಷ್ಟೇ ಮೊದಲ ಉತ್ತರವಾಗಿ ಚಿಕ್ಕವೆಂಕಟಮ್ಮನ ಧ್ವನಿ ಸಂದೇಶ ಬಂತು.

"ಇದಾದ್ರೂ ದಿಟಾನೇನಮ್ಮಿ?"