ಬರಿಗಾಲಲ್ಲಿ ಯಂತ್ರ ಮುಟ್ಟಬೇಡಿ

ಕಡೂರು
21 ನವೆಂಬರ್ 2025, ಶುಕ್ರವಾರ

ಶ್ರೀ ರುದ್ರಮೂರ್ತಿಯವರಿಗೆ,

ದಾಕ್ಷಾಯಣಿ ಬರೆಯುವುದು. ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿದ್ದೀರಿ ಎಂದು ಅಜ್ಜಂಪುರದ ಅರ್ಧ ಊರು ಮೊನ್ನೆ ನನಗೆ ಹೇಳಿತು, ಆದ್ದರಿಂದ ಕೇಳುವುದಿಲ್ಲ.

ನಿಮ್ಮ ಪತ್ರ ತಲುಪಿ ಹನ್ನೆರಡು ದಿನವಾಯಿತು. ನಾನು ಮನೆ ಬಿಟ್ಟು ಬಂದ ಹನ್ನೊಂದು ವರ್ಷದಲ್ಲಿ ನೀವು ಬರೆದ ಮೊದಲ ಪತ್ರ. ನಾಲ್ಕು ಪುಟದಲ್ಲಿ ಮೂರೂವರೆ ಪುಟ ಯಂತ್ರಗಳ ವಿಷಯ. ಉಳಿದ ಅರ್ಧ ಪುಟದಲ್ಲಿ ಒಂದೇ ಬೇಡಿಕೆ: ಮಿಲ್ಲು ಮಾರುವ ಮುಂಚೆ ಒಂದು ಸಲ ಬಂದು ನೋಡು. ಅಕ್ಕಿ ಗಿರಣಿ ನಿಂತು ಎಷ್ಟೋ ವರ್ಷವಾದರೂ ಅದನ್ನು ನಾವಿಬ್ಬರೂ ಮಿಲ್ಲು ಎಂದೇ ಕರೆಯುತ್ತೇವೆ. ಮಗನ ಕೈಯಲ್ಲಿ ಉಳಿಯುವುದಿಲ್ಲ ಎಂದು ಮಾವ ತೀರ್ಥಪ್ಪನವರು ಅದರ ಖಾತೆಯನ್ನು ಸೊಸೆಯಾದ ನನ್ನ ಹೆಸರಿಗೆ ಮಾಡಿಸಿ ಹೋದರು. ಅವರ ಅಂದಾಜು ತಪ್ಪಿರಲಿಲ್ಲ. ಈಗ ತರೀಕೆರೆಯ ಓಂಕಾರೇಶ್ ಅದನ್ನು ಕೆಡವಿ ಕಲ್ಯಾಣ ಮಂಟಪ ಕಟ್ಟುತ್ತೇನೆ ಎಂದು ಕೇಳಿದ್ದಾರೆ. ಬರುವ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನೋಂದಣಿ. ನಾನು ಸಹಿ ಹಾಕಿದರೆ ಅದರೊಳಗೆ ನೀವು ತೆರೆದ ಪಿನ್‌ಬಾಲ್ ಆಟದ ಯಂತ್ರಗಳ ಮ್ಯೂಸಿಯಂ ಹೊಸ ವರ್ಷ ನೋಡುವುದಿಲ್ಲ.

ಬುಧವಾರ ಹೋಗಿ ನೋಡಿ ಬಂದೆ. ನೀವು ಇರಲಿಲ್ಲ. ಯಂತ್ರವೊಂದನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಶಿವನಿಯ ಶಾಲೆಗೆ ತೋರಿಸಲು ಹೋಗಿದ್ದೀರಿ ಎಂದು ಓಬಳಪ್ಪ ಹೇಳಿದ. ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವನು ಈಗ ನಿಮ್ಮ ಮ್ಯೂಸಿಯಂ ಕಾಯುತ್ತಾನೆ. ನೀವು ಇಲ್ಲದಿದ್ದದ್ದು ಒಳ್ಳೆಯದೇ ಆಯಿತು. ಇದ್ದಿದ್ದರೆ ವಿವರಣೆ ಕೊಡುತ್ತಿದ್ದಿರಿ. ವಿದ್ಯುತ್ ಕಚೇರಿಯಲ್ಲಿ ಮೂವತ್ತೊಂದು ವರ್ಷ ದೂರು ಪುಸ್ತಕ ಬರೆದವಳು ನಾನು. ವಿವರಣೆ ಉದ್ದವಿದ್ದಷ್ಟೂ ತಪ್ಪು ಅದನ್ನು ಕೊಡುವವರದೇ ಎಂದು ನನಗೆ ಗೊತ್ತು.

ಯಂತ್ರಗಳು ಹದಿನಾಲ್ಕು. ಓಡುವವು ಆರು. ಇದನ್ನು ನೀವು ಸಂಗ್ರಹ ಎಂದು ಕರೆದಿದ್ದೀರಿ. ಗುಜರಿಯವನೂ ತನ್ನ ರಾಶಿಗೆ ಅಷ್ಟು ದೊಡ್ಡ ಹೆಸರು ಇಡುವುದಿಲ್ಲ. ಗಾಜಿನ ಮುಚ್ಚಳದ ಇಳಿಜಾರು ಪೆಟ್ಟಿಗೆ, ನಾಲ್ಕು ಕಬ್ಬಿಣದ ಕಾಲು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಓಡಿ, ಗಂಟೆ ಬಾರಿಸಿ, ದೀಪ ಹೊತ್ತಿಸಿ ಕೆಳಗೆ ಉರುಳುತ್ತದೆ. ಎರಡೂ ಬದಿಯ ಬಟನ್ ಒತ್ತಿದರೆ ಎರಡು ಪುಟ್ಟ ರೆಕ್ಕೆಗಳು ಎದ್ದು ಅದನ್ನು ಮತ್ತೆ ಮೇಲಕ್ಕೆ ಹೊಡೆಯುತ್ತವೆ. ತಪ್ಪಿದರೆ ಗುಂಡು ತೂತಿಗೆ ಬೀಳುತ್ತದೆ, ಆಟ ಮುಗಿಯುತ್ತದೆ. ಇಷ್ಟೇ. ಈ ಇಷ್ಟಕ್ಕಾಗಿ ನಮ್ಮ ಮಗಳು ಅಶ್ವಿನಿಯ ನಿಶ್ಚಿತಾರ್ಥದ ದಿನ ನೀವು ಮಂಗಳೂರಿನ ಹಳೆಯ ಕ್ಲಬ್ಬೊಂದರ ಹರಾಜಿನಲ್ಲಿ ಕೂತಿದ್ದಿರಿ. ನಿಮಗೆ ಜ್ವರ ಎಂದು ಬೀಗರಿಗೆ ನಾನು ಸುಳ್ಳು ಹೇಳಿದೆ. ಸಂಜೆ ನೀವು ಲಾರಿಯಲ್ಲಿ ಯಂತ್ರದ ಪಕ್ಕ ಕೂತು ಬಂದು, ಗೆಲುವಾಗಿ, ಅದೇ ಬೀಗರ ಎದುರಿಗೆ ಇಳಿದಿರಿ. ಮುಂದಿನ ವಾರ ನಾನು ಕಡೂರಿಗೆ ಬಂದೆ.

ಊರಿನವರೆಲ್ಲ ಸೇರುತ್ತಾರೆ ಎಂದು ಬರೆದಿದ್ದಿರಿ. ಸೇರಿದ್ದನ್ನು ಕಂಡೆ. ತಾಲ್ಲೂಕು ಕಚೇರಿಗೆ ಬಂದ ಇಬ್ಬರು ತಮ್ಮ ಸರದಿ ಬರುವವರೆಗೆ ಹೊತ್ತು ಕಳೆಯುತ್ತಿದ್ದರು. ಸ್ತ್ರೀಶಕ್ತಿ ಸಂಘದವರು, ತಗಡಿನ ಸಂದಿಯಿಂದ ಬಿಸಿಲು ಬೀಳುವ ಕಡೆ, ಕೆಟ್ಟು ನಿಂತ ಯಂತ್ರದ ಗಾಜಿನ ಮೇಲೆ ಹಪ್ಪಳ ಹರವಿದ್ದರು. ಇನ್ನೊಂದರ ಮೇಲೆ ನಿವೃತ್ತ ಮೇಷ್ಟ್ರು ರಘುನಾಥ್ ಪೇಪರು ಹರಡಿಕೊಂಡು ಓದುತ್ತಿದ್ದರು. ನನ್ನನ್ನು ಕಂಡು, "ಬನ್ನಿ ಬನ್ನಿ, ಕರೆಂಟ್ ಹೋದ್ರೂ ಇಲ್ಲಿ ಗಾಳಿ ಚೆನ್ನಾಗ್ ಬತ್ತದೆ ಕಣ್ರೀ" ಎಂದರು. ಇದು ಮ್ಯೂಸಿಯಂ ಅಲ್ಲ, ನೆರಳು. ನೆರಳಿದ್ದ ಕಡೆಗೆ ಜನ ಬರುತ್ತಾರೆ. ಅದನ್ನು ನಿಮ್ಮ ಸಾಧನೆ ಎಂದುಕೊಳ್ಳಬೇಡಿ.

ಇನ್ನು ಬಾಗಿಲಿನ ವಿಷಯ. ಉದ್ಘಾಟನೆಯ ದಿನ ಬಾಗಿಲ ಮೇಲೆ ಮಠದ ಗುರುಗಳ ಫೋಟೋ ಹಾಕಿ ಕೆಳಗೆ ದೀಪ ಇಟ್ಟಿರಿ. ಗುರುಗಳ ಫೋಟೋ ಕಂಡ ಮೇಲೆ ನಮ್ಮ ಕಡೆಯ ಯಾರೂ ಚಪ್ಪಲಿ ಮೆಟ್ಟಿಕೊಂಡು ಒಳಗೆ ಬರುವುದಿಲ್ಲ. ನೆಲ ಸಿಮೆಂಟಿನದು, ದಿನಾ ತೊಳೆಯುತ್ತೀರಿ. ಯಂತ್ರಗಳಿಗೆ ಅರ್ಥಿಂಗ್ ಸರಿಯಿಲ್ಲ. ಒದ್ದೆ ನೆಲ, ಬರಿಗಾಲು, ಕಬ್ಬಿಣದ ಅಂಚು: ಮುಟ್ಟಿದವರಿಗೆ ಜುಂ ಎನ್ನದೆ ಇನ್ನೇನು? ಓಬಮ್ಮ ಎಂಬಾಕೆಯಂತೂ ಕೈ ಮುಗಿದು, "ಮುಟ್ಟಿದ್ ಕೂಡ್ಲೆ ಮೈಯೆಲ್ಲಾ ಜುಂ ಅಂತು, ಸ್ವಾಮ್ಗೋಳು ಇಲ್ಲೇ ಅವ್ರೆ" ಎಂದು ಮಾರನೆಯ ದಿನ ನಾಲ್ಕು ಜನರನ್ನು ಕರೆತಂದಳಂತೆ. ಇಂಥ ಹೊತ್ತಿನಲ್ಲಿ ಐಟಿಐ ಪಾಸಾದ ಮನುಷ್ಯ ಗುಂಡಿ ತೆಗೆದು ಅರ್ಥಿಂಗ್ ಮಾಡುತ್ತಾನೆ. ನೀವು ಬೋರ್ಡು ಬರೆಸಿದಿರಿ: "ದಯವಿಟ್ಟು ಚಪ್ಪಲಿ ಹಾಕಿಕೊಂಡೇ ಒಳಗೆ ಬನ್ನಿ. ಬರಿಗಾಲಲ್ಲಿ ಯಂತ್ರ ಮುಟ್ಟಬೇಡಿ." ಸರಿಯಾಗಿ ಆ ಬೋರ್ಡಿನ ಕೆಳಗೇ ಇಪ್ಪತ್ತು ಜೊತೆ ಚಪ್ಪಲಿ ಬಿದ್ದಿದ್ದವು.

ನಾನೂ ಬಿಟ್ಟೆ. ಬೋರ್ಡು ಓದಿಯೇ ಬಿಟ್ಟೆ. ನಿಮ್ಮ ಮಾತು ಕೇಳಿ ಗುರುಗಳ ಕೆಳಗೆ ಚಪ್ಪಲಿಯಲ್ಲಿ ಹಾಯುವವಳು ನಾನಲ್ಲ.

ಒಳಗೆ ಚಪ್ಪಲಿ ಹಾಕಿಕೊಂಡಿದ್ದವಳು ಒಬ್ಬಳೇ. ಕಿಟಕಿಯ ಪಕ್ಕದ ಯಂತ್ರದ ಮುಂದೆ ನಿಂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗುಂಡಿನ ಮೇಲೆ ಕಣ್ಣು ನೆಟ್ಟು ಆಡುತ್ತಿದ್ದಳು. ಓಬಳಪ್ಪನ ತಾಯಿ ಹುಲಿಯಮ್ಮ. ಎಂಬತ್ತು ದಾಟಿರಬೇಕು. ದಿನಾ ಹನ್ನೊಂದಕ್ಕೆ ಬರುತ್ತಾಳಂತೆ. "ಅವ್ವಂಗೆ ಓದಾಕ್ ಬರಲ್ಲ, ಬೋರ್ಡು ನಾನೇ ಓದಿ ಹೇಳ್ದೆ" ಎಂದ ಓಬಳಪ್ಪ. "ಇನ್ನೊಂದ್ ಸಲ ಓದ್ಲಾ ಅಂದ್ಲು. ಮೂರು ಸಲ ಓದ್ಸುದ್ಲು. ಆಮೇಲೆ ಮನೇಗ್ ಹೋಗಿ ಹೊಸಾ ಚಪ್ಲಿ ಮೆಟ್ಕಂಡ್ ಬಂದ್ಲು."

ಅವನು ನಗುತ್ತಾ ಹೇಳಿದ. ನನಗೆ ನಗು ಬರಲಿಲ್ಲ. ಕಾರಣ ನಿಮಗೆ ಗೊತ್ತಿಲ್ಲ, ಆದ್ದರಿಂದ ಬರೆಯಬೇಕಾಗಿದೆ.

ಅವರ ಕೇರಿಯವರು ಚಪ್ಪಲಿಯನ್ನು ಹೊರಗೇಟಿನ ಹುಣಸೆ ಮರದ ಕೆಳಗೆ ಬಿಡಬೇಕು, ನಮ್ಮವರು ಬಾಗಿಲವರೆಗೂ ಮೆಟ್ಟಿಕೊಂಡು ಬರಬಹುದು ಎಂಬುದು ನಮ್ಮ ಮಿಲ್ಲಿನ ರೂಢಿ. ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. 1987ರ ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಅಂಗಳದಲ್ಲಿ ಭತ್ತ ಹರವುತ್ತಿದ್ದ ಹುಲಿಯಮ್ಮ ಚಪ್ಪಲಿ ಮೆಟ್ಟಿಕೊಂಡೇ ತೂಕದ ಕೋಣೆಯ ಬಾಗಿಲಿಗೆ ಬಂದಳು. ಸಿಮೆಂಟು ಕಾದು ಕೆಂಡವಾಗಿತ್ತು. ಮಗಳಿಗೆ ಹೆರಿಗೆ ನೋವು ಶುರುವಾಗಿದೆ, ಹೋಗುತ್ತೇನೆ ಎಂದು ಹೇಳಲು ಓಡಿ ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ನಾನು, ಅಷ್ಟೂ ಜನರ ಮುಂದೆ, "ಚಪ್ಪಲಿ ಎಲ್ಲಿ ಬಿಡ್ಬೇಕು ಅಂತ ಗೊತ್ತಿಲ್ವಾ?" ಎಂದೆ. ಅವಳು ಎರಡನ್ನೂ ಕೈಗೆ ತೆಗೆದುಕೊಂಡಳು. ಆ ಅಂಗಳ ದಾಟಿ ಗೇಟಿನವರೆಗೆ ಬರಿಗಾಲಲ್ಲಿ ಹೋಗಿ, ಮರದ ಕೆಳಗೆ ಬಿಟ್ಟು, ವಾಪಸ್ ಬಂದು ಅಪ್ಪಣೆ ಕೇಳಿದಳು.

ಮಾವ ಹೇಳಿಕೊಟ್ಟ ಮಾತು ಎಂದು ಬರೆಯಬಹುದಿತ್ತು. ಮಾವ ಆ ದಿನ ಬೀರೂರಿಗೆ ಹೋಗಿದ್ದರು. ನೀವು ಎಂಜಿನ್ ಹತ್ತಿರ ಇದ್ದಿರಿ, ಆ ಸದ್ದಿನಲ್ಲಿ ನಿಮಗೆ ಕೇಳಿಸಿರಲಾರದು. ನನಗೆ ಆಗ ಇಪ್ಪತ್ನಾಲ್ಕು ವರ್ಷ, ಪಿಯುಸಿ ಪಾಸಾಗಿದ್ದೆ, ಬುದ್ಧಿ ಚೆನ್ನಾಗಿಯೇ ಇತ್ತು. ಹೇಳಿದವಳು ನಾನೇ.

ಬುಧವಾರ ಅವಳು ನನ್ನನ್ನು ಗುರುತಿಸುವ ಮೊದಲೇ ಹೊರಟುಬಿಡಬೇಕೆಂದುಕೊಂಡೆ. ಆದರೆ ದೂರು ಬರೆಯುವವಳು ದೋಷವನ್ನು ಕಣ್ಣಾರೆ ಪರೀಕ್ಷಿಸಬೇಕು ಎಂಬ ಹಳೆಯ ಅಭ್ಯಾಸ. ಪಕ್ಕದ ಯಂತ್ರದ ಸ್ಟೀಲಿನ ಅಂಚು ಹಿಡಿದೆ. ಹಿಡಿದದ್ದಷ್ಟೇ ನೆನಪು. "ಅಯ್ಯಯ್ಯೋ" ಎಂದು ಕೂಗಿ ಹಿಂದಕ್ಕೆ ಹಾರಿದ್ದನ್ನು ಇಡೀ ಮಿಲ್ಲು ನೋಡಿತು. ರಘುನಾಥ್ ಮೇಷ್ಟ್ರು ಪೇಪರು ಕೆಳಗಿಟ್ಟರು.

ಹುಲಿಯಮ್ಮ ತಿರುಗಿ ನೋಡಿದಳು. ಮೊದಲು ನನ್ನ ಮುಖ, ಆಮೇಲೆ ನನ್ನ ಕಾಲು.

"ಹೊಡೀತಾ ದಾಕ್ಷಾಯಣಮ್ಮ?" ಎಂದಳು. ಹಿಂದೆ ಅಮ್ಮೋರೆ ಎನ್ನುತ್ತಿದ್ದಳು. "ಬೋರ್ಡು ಹಾಕವ್ರಲ್ಲ. ಚಪ್ಲಿ ಎಲ್ಲಿ ಬಿಡ್ಬೇಕು, ಎಲ್ಲಿ ಮೆಟ್ಬೇಕು ಅಂತ ಗೊತ್ತಿಲ್ವಾ?"

ಮೂವತ್ತೆಂಟು ವರ್ಷ ಅವಳು ಆ ಮಾತನ್ನು ಇಟ್ಟುಕೊಂಡಿದ್ದಳು. ಸಿಟ್ಟಿನಿಂದ ಹೇಳಲಿಲ್ಲ. ತಮಾಷೆಯಾಗಿಯೇ ಹೇಳಿದಳು, ಉಳಿದವರೂ ತಮಾಷೆ ಎಂದೇ ನಕ್ಕರು. ಅದು ತಮಾಷೆಯಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ಇಬ್ಬರಿಗೆ.

ಆಮೇಲೆ ತನ್ನ ಚಪ್ಪಲಿ ಬಿಟ್ಟು, ಕಾಲಿನಿಂದಲೇ ನನ್ನ ಕಡೆ ಸರಿಸಿ, ತಾನು ಮಡಿಸಿಟ್ಟ ಗೋಣಿಚೀಲದ ಮೇಲೆ ಹತ್ತಿ ನಿಂತಳು. "ಮೆಟ್ಕಳಿ. ಮೆಟ್ಕಂಡ್ ಆಡಿ. ಅಷ್ಟ್ ದೂರದಿಂದ ಬಂದು ಶಾಕ್ ಹೊಡುಸ್ಕಂಡ್ ಹೋದ್ರೆ ಯಜಮಾನ್ರು ನಮ್ಮನ್ನ ಬೈತಾರೆ."

ನಾನು ಹಿಂದೆಮುಂದೆ ನೋಡಿದೆ. ಎಷ್ಟು ಹೊತ್ತು ಎಂದರೆ, ಆ ಬೋರ್ಡನ್ನು ಒಂದು ಸಲ ಓದಿ ಮುಗಿಸುವಷ್ಟು. ಅಷ್ಟನ್ನೂ ಅವಳು ನೋಡಿದಳು. ಆಮೇಲೆ ಹಾಕಿಕೊಂಡೆ. ನೀಲಿ ಪಟ್ಟಿಯ ರಬ್ಬರ್ ಚಪ್ಪಲಿ, ಇನ್ನೂ ಬೆಚ್ಚಗಿತ್ತು. ಗುಂಡು ಬಿಟ್ಟೆ. ಒಂದು ಗಂಟೆಯನ್ನೂ ಬಾರಿಸದೆ ನೇರ ಬಂದು ತೂತಿಗೆ ಬಿತ್ತು. "ಥೂ, ಅಷ್ಟ್ ಬಿರ್ರನೆ ಒತ್ತಿದ್ರೆ ಆಯ್ತದಾ? ಅದು ಹತ್ರ ಬರಾಗಂಟ ಕಾಯ್ಬೇಕು" ಎಂದು ಬೈದು ಮತ್ತೆ ಆಡಿಸಿದಳು. ಏಳು ಸಲ ಆಡಿದೆ. ಏಳು ಸಲವೂ ಸೋತೆ. ಕ್ಷಮೆ ಕೇಳಿದೆಯಾ ಎಂದು ಕೇಳಬೇಡಿ. ಕೇಳಲಿಲ್ಲ.

ನಿಮ್ಮ ಮ್ಯೂಸಿಯಂ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಅದು ಗುಜರಿ. ನೀವು ಮಾಡಿದ ಕೆಲಸಗಳಲ್ಲಿ ಊರಿಗೆ ಉಪಯೋಗವಾದದ್ದು ಒಂದೇ ಬೋರ್ಡು. ಅದನ್ನೂ ಅರ್ಥಿಂಗ್ ಮಾಡಲು ಸೋಮಾರಿತನವಾಗಿ ಬರೆಸಿದ್ದು. ಒಳ್ಳೆಯದು ಮಾಡಬೇಕೆಂದು ಮಾಡಿದ್ದರೆ ನೀವು ಅದನ್ನೂ ಕೆಡಿಸುತ್ತಿದ್ದಿರಿ.

ನಿನ್ನೆ ಓಂಕಾರೇಶ್‌ಗೆ ಫೋನ್ ಮಾಡಿ ಸೋಮವಾರ ನೋಂದಣಿಗೆ ಬರುವುದಿಲ್ಲ, ಮುಂದೆಯೂ ಮಾರುವುದಿಲ್ಲ ಎಂದು ತಿಳಿಸಿದೆ. "ಏನಕ್ಕಾ, ಒಂದ್ ಗುಜ್ರಿ ಅಂಗ್ಡಿಗೋಸ್ಕರ ಮಾತು ತಪ್ತೀರಾ?" ಎಂದರು. ಗುಜರಿ ಎಂಬುದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ ಎಂದೆ. ಅವರ ಕಲ್ಯಾಣ ಮಂಟಪ ಚೆನ್ನಾಗಿಯೇ ಇರುತ್ತಿತ್ತು. ಆದರೆ ದಿನಾ ಹನ್ನೊಂದಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಬಾ ಎಂದು ಹುಲಿಯಮ್ಮನಿಗೆ ಅಲ್ಲಿ ಯಾರೂ ಬೋರ್ಡು ಬರೆಸುವುದಿಲ್ಲ.

ಈ ಪತ್ರ ಕೈಗೆ ಬಂದ ತಕ್ಷಣ ಮೇನ್ ಆಫ್ ಮಾಡಿ. ಹಿಂಭಾಗದಲ್ಲಿ ಹೊಸ ಗುಂಡಿ ತೆಗೆಸಿ, ಇದ್ದಿಲು ಉಪ್ಪು ಹಾಕಿಸಿ, ಪೈಪ್ ಇಳಿಸಿ ಅರ್ಥಿಂಗ್ ಕೊಡಿ. ವಾರಕ್ಕೆರಡು ಕೊಡ ನೀರು ಹುಯ್ಯಿರಿ. ಹಳೆಯ ಗುಂಡಿ ಒಣಗಿ ಬೂದಿಯಾಗಿರುವುದನ್ನು ಹೊರಡುವಾಗ ನೋಡಿದೆ. ಲೈಸೆನ್ಸ್ ಇರುವ ವೈರ್‌ಮ್ಯಾನ್ ಪರೀಕ್ಷೆ ಮಾಡುವವರೆಗೆ ಒಂದು ಯಂತ್ರವೂ ಓಡಕೂಡದು. ಗುರುಗಳ ಫೋಟೋವನ್ನು ಗೌರವವಾಗಿ ತೂಕದ ಕೋಣೆಯೊಳಗೆ ಇಡಿ. ಎಲ್ಲ ಸರಿಯಾದ ಮೇಲೂ ಬೋರ್ಡು ತೆಗೆಯಬೇಡಿ. ಖಾತೆದಾರಳ ಅಪ್ಪಣೆ ಎಂದು ತಿಳಿಯಿರಿ.

ಇದನ್ನು ರಾಜಿ ಎಂದು ಓದಿಕೊಳ್ಳಬೇಡಿ. ನಿಶ್ಚಿತಾರ್ಥದ ದಿನವನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಇಂತಿ,
ದಾಕ್ಷಾಯಣಿ

ಸಹಿ ಹಾಕಿದ ಮೇಲೆ ಇಷ್ಟು: ಬಾಗಿಲಲ್ಲಿ ನನ್ನ ಕಂದು ಚಪ್ಪಲಿ ಉಳಿದಿತ್ತು. ಓಬಳಪ್ಪನವರಿಗೆ ಫೋನ್ ಮಾಡಿ ಕೇಳಿದೆ. "ಅವ್ವ ನಿಮ್ದೇ ಮೆಟ್ಕಂಡ್ ಹೋದ್ಲು, ಒಂಚೂರು ಬಿಗಿ ಅಂತವ್ಳೆ" ಎಂದರು. ಹುಲಿಯಮ್ಮನವರದು ನನ್ನ ಹತ್ತಿರ ಇದೆ. ಬಸ್ಸು ತಪ್ಪುತ್ತದೆಂದು ಅವಸರದಲ್ಲಿ ಹಾಗೇ ಬಂದುಬಿಟ್ಟೆ ಎಂದು ಅಶ್ವಿನಿಗೆ ಹೇಳಿದ್ದೇನೆ. ಬೀರೂರಿನ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಗೇಟಿನ ಹುಣಸೆ ಮರದ ಕೆಳಗೆ ನಿಂತು ಕಾಲು ನೋಡಿಕೊಂಡೆ. ಬಿಡುವುದಾದರೆ ಅಲ್ಲೇ ಬಿಡಬಹುದಿತ್ತು. ಬಿಡಲಿಲ್ಲ. ಸೋಮವಾರ ಹನ್ನೊಂದಕ್ಕೆ ಈಗ ನನಗೆ ಬಿಡುವಿದೆ. ಅವರ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ಗೇಟಿನಿಂದ ಅಂಗಳ ದಾಟಿ, ನಾನೇ ಒಳಗೆ ತಂದುಕೊಡುತ್ತೇನೆ.